ಕೊನೆಯ ಮೈಕ್ರಾನಿನ ಜಗ್ಗಾಟ

ಮನೆಯ ಮುಂಬಾಗಿಲಿಗೆ ಹೂಬಳ್ಳಿ ಕೆತ್ತಿಸಬೇಕೆಂದರೆ ಬೀದರ್, ಭಾಲ್ಕಿಯ ಕಡೆಯವರು ಈಗ ಸಿಎನ್‌ಸಿ ರೂಟರ್ ಇಟ್ಟುಕೊಂಡವರ ಬಳಿಗೂ ಹಲಗೆ ಒಯ್ಯುತ್ತಾರೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಮೋಟಾರುಗಳು ಮರದ ಮೇಲೆ ಇಳಿಸುತ್ತವೆ. ಆದರೆ ಆ ಯಂತ್ರ ಎಷ್ಟು ನಿಖರ ಎಂದು ತಿಳಿಯಲು ಹೂಬಳ್ಳಿ ಸಾಲದು. ಬಳ್ಳಿಯ ಅಂಕುಡೊಂಕಿನಲ್ಲಿ ಯಂತ್ರದ ತಪ್ಪುಗಳೂ ಬೆರೆತು ಹೋಗುತ್ತವೆ. ಒಂದು ವೃತ್ತ ಕೊರೆಸಿ ನೋಡಬೇಕು. ಸವೆದ ಯಂತ್ರವಾದರೆ ಗಡಿಯಾರದಲ್ಲಿ ಹನ್ನೆರಡು, ಮೂರು, ಆರು, ಒಂಬತ್ತು ಇರುವ ನಾಲ್ಕು ಜಾಗಗಳಲ್ಲಿ ಬೆರಳಿಗೆ ಸಣ್ಣ ಉಬ್ಬು ತಗಲುತ್ತದೆ. ಲೋಹ ಕೊರೆಯುವ ದುಬಾರಿ ಯಂತ್ರದಲ್ಲಿ ಅದು ಬೆರಳಿಗೆ ಸಿಗುವುದಿಲ್ಲ, ಅಳೆಯುವ ಉಪಕರಣಕ್ಕೆ ಸಿಗುತ್ತದೆ.

ಉಬ್ಬು ಆ ನಾಲ್ಕೇ ಕಡೆ ಏಕೆ? ವೃತ್ತವನ್ನು ಬರೆಯುವುದು ಎರಡು ಮೋಟಾರು. ಒಂದು ಎಡಬಲಕ್ಕೆ, ಇನ್ನೊಂದು ಹಿಂದುಮುಂದಕ್ಕೆ. ಎರಡೂ ತಾಳ ತಪ್ಪದೆ ನಡೆದರೆ ಗುಂಡು ಆಕಾರ ಬರುತ್ತದೆ. ಆದರೆ ಆ ನಾಲ್ಕು ಜಾಗಗಳಲ್ಲಿ ಒಂದೊಂದರಲ್ಲೂ ಒಂದು ಮೋಟಾರು ಪೂರ್ತಿ ನಿಂತು, ದಿಕ್ಕು ಬದಲಿಸಿ, ಮತ್ತೆ ಹೊರಡಬೇಕು. ಅಷ್ಟು ಹೊತ್ತು ಬಲಕ್ಕೆ ತಳ್ಳುತ್ತಿದ್ದ ಮೋಟಾರಿಗೆ ಎದುರಾಗಿದ್ದ ಘರ್ಷಣೆ ಎಡಕ್ಕೆ ಎಳೆಯುತ್ತಿತ್ತು. ಈಗ ಒಮ್ಮೆಗೇ ಅದು ಬಲಕ್ಕೆ ಎಳೆಯತೊಡಗುತ್ತದೆ. ಈ ತಿರುವನ್ನು ಅರಿತು ಮೋಟಾರು ಹೊಸ ಬಲ ಕೂಡಿಸಿಕೊಳ್ಳುವವರೆಗೆ ಅದು ನಡೆಸುವ ಮೇಜು ಅಲುಗುವುದಿಲ್ಲ. ಇನ್ನೊಂದು ಮೋಟಾರು ಮಾತ್ರ ತನ್ನ ಪಾಡಿಗೆ ಮುಂದೆ ಹೋಗಿರುತ್ತದೆ. ಆ ಕ್ಷಣದ ಗುರುತೇ ಉಬ್ಬು. ಸ್ಕ್ರೂ ಮತ್ತು ನಟ್ಟಿನ ನಡುವೆ ಸಡಿಲವಿದ್ದರೆ, ಅಂದರೆ ಕಾರ್ಖಾನೆಯವರು ಬ್ಯಾಕ್‌ಲ್ಯಾಶ್ ಎನ್ನುವ ದೋಷವೂ ಸೇರಿದರೆ, ಅದು ಇನ್ನಷ್ಟು ದೊಡ್ಡದಾಗುತ್ತದೆ.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜಿಮ್ ಬ್ರಯಾನ್ 1982ರಲ್ಲಿ ಪ್ರಕಟಿಸಿದ ಬಾಲ್‌ಬಾರ್ ಪರೀಕ್ಷೆ ಇದನ್ನೇ ಹಿಡಿಯುತ್ತದೆ. ಎರಡು ಉಕ್ಕಿನ ಗುಂಡುಗಳ ನಡುವೆ ಒಂದು ಸರಳು. ಒಂದು ಗುಂಡು ಮೇಜಿನ ಮೇಲೆ, ಇನ್ನೊಂದು ಯಂತ್ರದ ಸ್ಪಿಂಡಲ್‌ನಲ್ಲಿ. ಯಂತ್ರ ವೃತ್ತಾಕಾರ ಸುತ್ತುವಾಗ ಸರಳಿನ ಉದ್ದ ಮೈಕ್ರಾನಿನಷ್ಟು ಹೆಚ್ಚುಕಡಿಮೆಯಾದರೂ ಗೊತ್ತಾಗುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನು. ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನಿನ ಆಸುಪಾಸು. ಯಂತ್ರದ ತಪ್ಪುಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಇಂಥ ಪರೀಕ್ಷೆ ಇನ್ನೊಂದಿಲ್ಲ ಎನ್ನಬಹುದು. ತಂತ್ರಜ್ಞರು ಆ ಚಿತ್ರದ ನಾಲ್ಕು ಮುಳ್ಳುಗಳನ್ನು ನೋಡಿಯೇ ಯಾವ ಅಕ್ಷದಲ್ಲಿ ಬಿಗಿ ಹೆಚ್ಚು ಎಂದು ಹೇಳಿಬಿಡುತ್ತಾರೆ.

ಘರ್ಷಣೆಯ ಬಗ್ಗೆ ಶಾಲೆಯಲ್ಲಿ ಕಲಿಯುವ ಪಾಠ ಚಿಕ್ಕದು. ಮೇಲ್ಮೈಯನ್ನು ಒತ್ತುವ ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ತಾಗುವ ಜಾಗ ದೊಡ್ಡದೋ ಸಣ್ಣದೋ ಲೆಕ್ಕಕ್ಕಿಲ್ಲ. ಫ್ರಾನ್ಸಿನ ಗಿಯೋಮ್ ಅಮಾಂತೋಂ 1699ರಲ್ಲಿ ಇದನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ನಿಂತ ವಸ್ತುವನ್ನು ಹೊರಡಿಸುವ ಬಲ ಬೇರೆ, ಹೊರಟದ್ದನ್ನು ನಡೆಸುವ ಬಲ ಬೇರೆ ಎಂದು ಗಣಿತಜ್ಞ ಆಯ್ಲರ್ 1750ರ ಸುಮಾರಿಗೆ ಬಿಡಿಸಿ ಹೇಳಿದ. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಫ್ರಾನ್ಸಿನವನೇ ಆದ ಕೂಲಂಬ್ ಹಡಗು ಜಾರಿಸುವ ಹಲಗೆ, ಹಗ್ಗ, ರಾಟೆಗಳ ಮೇಲೆ ಪ್ರಯೋಗ ನಡೆಸಿ ಈ ನಿಯಮಗಳನ್ನು ಗಟ್ಟಿ ಮಾಡಿದ. ಹೊಲಕ್ಕೆ ಗೊಬ್ಬರ ಸಾಗಿಸುವ ಬಂಡಿಗೆ, ಕೀಲೆಣ್ಣೆ ಹಾಕುವ ಅಚ್ಚಿಗೆ ಇಷ್ಟು ಪಾಠ ಸಾಕು.

ಮೈಕ್ರಾನಿನ ಲೆಕ್ಕದಲ್ಲಿ ನಿಲ್ಲಬೇಕಾದ ಯಂತ್ರಕ್ಕೆ ಸಾಲದು.

ಸಾಲದು ಎನ್ನುವುದಕ್ಕೆ ಸ್ಪಷ್ಟ ಸಾಕ್ಷ್ಯ ಸಿಕ್ಕಿದ್ದು ಜರ್ಮನಿಯಲ್ಲಿ. ರಿಚರ್ಡ್ ಸ್ಟ್ರಿಬೆಕ್ ಎಂಬ ಎಂಜಿನಿಯರ್ ಎಣ್ಣೆ ಹಾಕಿದ ಬೇರಿಂಗುಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ, 1902ರಲ್ಲಿ ತನ್ನ ಅಳತೆಗಳನ್ನು ಪ್ರಕಟಿಸಿದ. ವೇಗ ಸೊನ್ನೆಯಿಂದ ಏರತೊಡಗಿದಾಗ ಘರ್ಷಣೆ ಮೊದಲು ಇಳಿಯುತ್ತದೆ, ಒಂದು ತಗ್ಗು ಮುಟ್ಟಿ ಮತ್ತೆ ಏರುತ್ತದೆ. ತೀರ ನಿಧಾನದಲ್ಲಿ ಲೋಹಕ್ಕೆ ಲೋಹ ನೇರವಾಗಿ ತಾಗುತ್ತಿರುತ್ತದೆ. ಸ್ವಲ್ಪ ವೇಗ ಬಂದರೆ ಎಣ್ಣೆ ನಡುವೆ ನುಗ್ಗಿ ಎರಡನ್ನೂ ಬೇರೆ ಮಾಡುತ್ತದೆ. ಇನ್ನೂ ವೇಗ ಹೆಚ್ಚಾದರೆ ಎಣ್ಣೆಯನ್ನೇ ಕಲಕುವ ಶ್ರಮ ಬೆಳೆಯುತ್ತದೆ. ನಿಖರ ಯಂತ್ರಗಳ ಕಷ್ಟವೆಲ್ಲ ಈ ವಕ್ರರೇಖೆಯ ಎಡಗಡೆಯ ಇಳಿಜಾರಿನಲ್ಲಿದೆ. ಅಲ್ಲಿ ವೇಗ ಚೂರು ಹೆಚ್ಚಿದರೆ ತಡೆ ಕಡಿಮೆಯಾಗುತ್ತದೆ, ತಡೆ ಕಡಿಮೆಯಾದ್ದರಿಂದ ವೇಗ ಇನ್ನೂ ಹೆಚ್ಚುತ್ತದೆ. ಯಂತ್ರ ಹಿಡಿದು ನಿಂತು, ತಟ್ಟನೆ ಬಿಟ್ಟು ನೆಗೆದು, ಮತ್ತೆ ಹಿಡಿದು ನಿಲ್ಲುತ್ತದೆ. ಎಣ್ಣೆ ಕಾಣದ ಬಾಗಿಲು ಕಿರುಗುಡುವುದೂ, ಪಿಟೀಲಿನ ತಂತಿ ಕಮಾನಿನ ಕೆಳಗೆ ನುಡಿಯುವುದೂ ಈ ಹಿಡಿ-ಬಿಡು ಚಲನೆಯಿಂದಲೇ.

ಈ ಚಲನೆ ಬರೀ ಕಾರ್ಖಾನೆಯ ಸಂಗತಿಯಲ್ಲ. ಯಾವುದೇ ಜಿಲ್ಲಾ ಕೇಂದ್ರದ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಹಾಸಿಗೆಯ ಪಕ್ಕ ಸಿರಿಂಜ್ ಪಂಪ್ ಇರುತ್ತದೆ. ರಕ್ತದೊತ್ತಡ ಹಿಡಿದು ನಿಲ್ಲಿಸುವಂಥ ಪ್ರಬಲ ಔಷಧಗಳನ್ನು ತೊಟ್ಟು ತೊಟ್ಟಾಗಿ ದೇಹಕ್ಕೆ ಸೇರಿಸುವುದು ಅದರ ಕೆಲಸ. ಒಳಗೆ ಒಂದು ಸಣ್ಣ ಮೋಟಾರು, ಒಂದು ಸ್ಕ್ರೂ. ಸ್ಕ್ರೂ ತಿರುಗಿದಷ್ಟು ಸಿರಿಂಜಿನ ಹಿಡಿ ಮುಂದೆ ಸರಿಯುತ್ತದೆ. 50 ಮಿಲಿಲೀಟರಿನ ಸಿರಿಂಜ್ ಹಾಕಿ ಗಂಟೆಗೆ 1 ಮಿಲಿಲೀಟರ್ ಎಂದು ಹೇಳಿದರೆ ಆ ಹಿಡಿ ಗಂಟೆಗೆ ಸರಿಯುವುದು ಒಂದೂವರೆ ಮಿಲಿಮೀಟರಿನಷ್ಟು ಮಾತ್ರ. ಅಂದರೆ ಸೆಕೆಂಡಿಗೆ ಅರ್ಧ ಮೈಕ್ರಾನಿಗೂ ಕಡಿಮೆ. ಪ್ಲಾಸ್ಟಿಕ್ ಗೋಡೆಗೆ ರಬ್ಬರಿನ ತಲೆ ಒತ್ತಿಕೊಂಡಿರುವಾಗ ಇಷ್ಟು ನಿಧಾನದಲ್ಲಿ ಅದು ಹಿಡಿ-ಬಿಡು ಮಾಡದಿದ್ದರೆ ಆಶ್ಚರ್ಯ. ಸ್ವಲ್ಪ ಹೊತ್ತು ಔಷಧ ಹೋಗುವುದೇ ಇಲ್ಲ, ಆಮೇಲೆ ಒಮ್ಮೆಲೇ ಒಂದಿಷ್ಟು ಹೋಗಿಬಿಡುತ್ತದೆ. ಹಸುಗೂಸಿನ ಚಿಕಿತ್ಸೆಯಲ್ಲಿ ಇದು ಸಣ್ಣ ಮಾತಲ್ಲ. ಸಿರಿಂಜಿನ ಒಳಗೋಡೆಗೆ ಸಿಲಿಕೋನ್ ಎಣ್ಣೆ ಸವರಿರುವುದು ಇದಕ್ಕಾಗಿ. ಔಷಧದ ಪ್ರಮಾಣ ತೀರ ಕಡಿಮೆ ಇದ್ದಾಗ ಸಣ್ಣ ಸಿರಿಂಜ್ ಬಳಸಿ ಎನ್ನುವ ಸಲಹೆಗೂ ಇದೇ ಕಾರಣ. ಕೊಳವೆ ಸಣ್ಣದಾದರೆ ಅಷ್ಟೇ ಔಷಧಕ್ಕೆ ಹಿಡಿ ಹೆಚ್ಚು ದೂರ ಸರಿಯಬೇಕಾಗುತ್ತದೆ, ವೇಗ ಹೆಚ್ಚುತ್ತದೆ, ಹರಿವು ಸಮವಾಗುತ್ತದೆ.

ಹಾಗಾದರೆ ಮೋಟಾರಿಗೆ ಬಲ ಹೆಚ್ಚಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸೀತು. ಎಂಜಿನಿಯರುಗಳು ಮೊದಲು ಮಾಡಿದ್ದೂ ಅದನ್ನೇ. ಇಂದಿನ ಬಹುಪಾಲು ಮೋಟಾರು ನಿಯಂತ್ರಕಗಳು ಪಿಐಡಿ ಎಂಬ ವಿಧಾನದಲ್ಲಿ ನಡೆಯುತ್ತವೆ. ಹೋಗಬೇಕಾದ ಜಾಗಕ್ಕೂ ಈಗಿರುವ ಜಾಗಕ್ಕೂ ಎಷ್ಟು ಅಂತರ, ಆ ಅಂತರ ಎಷ್ಟು ಹೊತ್ತಿನಿಂದ ಉಳಿದಿದೆ, ಯಾವ ವೇಗದಲ್ಲಿ ಬದಲಾಗುತ್ತಿದೆ, ಈ ಮೂರನ್ನೂ ತೂಗಿ ಬಲ ನಿರ್ಧರಿಸುವ ಲೆಕ್ಕ ಅದು. ತೊಂದರೆ ಬರುವುದು ನಡುವಿನದರಿಂದ. ಮೇಜು ಗುರಿಗೆ ಎರಡು ಮೈಕ್ರಾನು ಈಚೆ ಹಿಡಿದು ನಿಂತಿದೆ ಎಂದಿಟ್ಟುಕೊಳ್ಳಿ. ಉಳಿದ ತಪ್ಪನ್ನು ನಿಯಂತ್ರಕ ಕ್ಷಣಕ್ಷಣಕ್ಕೂ ಕೂಡಿಸುತ್ತಾ ಬಲ ಏರಿಸುತ್ತದೆ. ಕೊನೆಗೊಮ್ಮೆ ಹಿಡಿತ ಬಿಡುತ್ತದೆ. ಬಿಟ್ಟ ಕೂಡಲೇ ಘರ್ಷಣೆ ಇಳಿಯುತ್ತದೆ, ಆದರೆ ಕೂಡಿಟ್ಟ ಬಲ ಹಾಗೇ ಇದೆ. ಮೇಜು ಗುರಿ ದಾಟಿ ಆಚೆ ಹೋಗಿ ನಿಲ್ಲುತ್ತದೆ. ಈಗ ತಪ್ಪು ಉಲ್ಟಾ. ಮತ್ತೆ ಕೂಡಿಸುವುದು, ಮತ್ತೆ ನೆಗೆಯುವುದು. ಯಂತ್ರ ಗುರಿಯ ಸುತ್ತ ಇಡೀ ದಿನ ಹೀಗೆ ಓಲಾಡಬಹುದು. ಕಾರ್ಖಾನೆಯಲ್ಲಿ ಇದಕ್ಕೆ ಹಂಟಿಂಗ್ ಎನ್ನುತ್ತಾರೆ. ಮೋಟಾರಿನ ಗುಂಯ್‌ಗುಡುವ ಸದ್ದಿನಿಂದಲೇ ಅನುಭವಿ ಆಪರೇಟರ್ ಅದನ್ನು ಗುರುತಿಸುತ್ತಾನೆ.

ಇದು ಬಲದ ಕೊರತೆಯಲ್ಲ, ತಿಳಿವಳಿಕೆಯ ಕೊರತೆ. ಎದುರಿಗಿರುವ ಘರ್ಷಣೆ ಎಷ್ಟು, ಮುಂದಿನ ಕ್ಷಣ ಅದು ಹೇಗೆ ಬದಲಾಗುತ್ತದೆ ಎಂಬುದು ನಿಯಂತ್ರಕಕ್ಕೆ ಗೊತ್ತಿಲ್ಲ. ಬೀದರ್‌ನ ಬಿದರಿ ಕಸುಬುದಾರರ ಕೆಲಸ ನೋಡಿದವರಿಗೆ ಈ ಕೊರತೆ ಬೇಗ ಅರ್ಥವಾದೀತು. ಸತುವೇ ಹೆಚ್ಚಾಗಿ, ತಾಮ್ರ ತುಸುವೇ ಇರುವ ಎರಕದ ಮೇಲೆ ಬೆಳ್ಳಿ ತಂತಿ ಕೂರಿಸಲು ಅವರು ಉಳಿಯಿಂದ ಸಣ್ಣ ಕಾಲುವೆ ತೋಡುತ್ತಾರೆ. ಉಳಿ ಲೋಹವನ್ನು ಕಚ್ಚಿದ್ದು, ಬಿಟ್ಟಿದ್ದು ಕೈಗೆ ಮೊದಲು ತಿಳಿಯುತ್ತದೆ, ಕಣ್ಣಿಗೆ ಆಮೇಲೆ. ಮೋಟಾರು ನಡೆಸುವ ಮೇಜಿಗೆ ಇರುವುದು ಕಣ್ಣು ಮಾತ್ರ, ಅಂದರೆ ಜಾಗ ಅಳೆಯುವ ಎನ್‌ಕೋಡರ್. ಕೈಯ ಅರಿವನ್ನು ಗಣಿತದಿಂದ ತುಂಬಿಕೊಡಬೇಕು.

ಆ ಗಣಿತದ ಮೊದಲ ದೊಡ್ಡ ಹೆಜ್ಜೆ ಇಟ್ಟವನು ಅಮೆರಿಕದ ಏರೋಸ್ಪೇಸ್ ಕಾರ್ಪೊರೇಷನ್‌ನ ಫಿಲಿಪ್ ಡಾಲ್, 1968ರಲ್ಲಿ. ಬಾಲ್ ಬೇರಿಂಗುಗಳನ್ನು ತೀರ ಸಣ್ಣ ಬಲದಿಂದ ತಳ್ಳಿ ನೋಡಿದಾಗ ಅವು ‘ನಿಂತಿವೆ’ ಎನ್ನುವ ಹೊತ್ತಿನಲ್ಲೂ ನಿಜವಾಗಿ ನಿಂತಿರುವುದಿಲ್ಲ. ಸ್ಪ್ರಿಂಗಿನಂತೆ ಚೂರು ಬಾಗುತ್ತವೆ, ಬಲ ತೆಗೆದರೆ ಚೂರು ಹಿಂದೆ ಬರುತ್ತವೆ. ಡಾಲ್ ಇದನ್ನು ಸಮೀಕರಣಕ್ಕೆ ತಂದ. ನಂತರ 1995ರಲ್ಲಿ ಸ್ವೀಡನ್ನಿನ ಲುಂಡ್ ಮತ್ತು ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು, ಕನುದಾಸ್ ದ ವಿಟ್, ಓಲ್ಸನ್, ಓಸ್ಟ್ರೋಮ್, ಲಿಶಿನ್‌ಸ್ಕಿ, ಕೂಡಿ ಒಂದು ಮಾದರಿ ಕೊಟ್ಟರು. ಎರಡೂ ಊರಿನ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಲುಗ್ರೆ ಎಂದು ಹೆಸರಾಯಿತು.

ಲುಗ್ರೆ ಮಾದರಿಯನ್ನು ಕಲ್ಪಿಸಿಕೊಳ್ಳುವುದು ಸುಲಭ. ಎರಡು ಬ್ರಷ್ಷುಗಳನ್ನು ಕೂದಲಿಗೆ ಕೂದಲು ತಾಗುವಂತೆ ಒತ್ತಿ ಹಿಡಿದು ಒಂದನ್ನು ಪಕ್ಕಕ್ಕೆ ತಳ್ಳಿದರೆ, ಮೊದಲು ಕೂದಲು ಬಾಗುತ್ತವೆ. ಬಾಗಿದಷ್ಟೂ ಎದುರು ಬಲ ಹೆಚ್ಚು. ಒಂದು ಮಿತಿ ದಾಟಿದ ಮೇಲೆ ಒಂದೊಂದೇ ಕೂದಲು ಜಾರಿ ಬಿಡುತ್ತದೆ, ಆಗ ಬ್ರಷ್ ಸರಿಯತೊಡಗುತ್ತದೆ. ನುಣುಪಾಗಿ ಕಾಣುವ ಲೋಹದ ಮೇಲ್ಮೈಯಲ್ಲೂ ಸೂಕ್ಷ್ಮದರ್ಶಕದ ಕೆಳಗೆ ಏರುತಗ್ಗುಗಳಿವೆ. ಅವನ್ನು ಕೂದಲು ಎಂದುಕೊಂಡು, ಅವೆಲ್ಲದರ ಸರಾಸರಿ ಬಾಗು ಎಷ್ಟು ಎಂಬ ಒಂದೇ ಅಂಕಿಯನ್ನು ಮಾದರಿ ಪ್ರತಿ ಕ್ಷಣ ನೆನಪಿಟ್ಟುಕೊಳ್ಳುತ್ತದೆ. ಹಳೆಯ ಸೂತ್ರಗಳಿಗೆ ಈ ನೆನಪು ಇರಲಿಲ್ಲ. ಈಗಿನ ವೇಗ ಹೇಳಿದರೆ ಈಗಿನ ಘರ್ಷಣೆ ಹೇಳುತ್ತಿದ್ದವು, ಅಷ್ಟೇ. ಲುಗ್ರೆಗೆ ಯಂತ್ರ ಯಾವ ದಿಕ್ಕಿನಿಂದ ಬಂತು, ಎಷ್ಟು ಸರಿದು ನಿಂತಿತು ಎಂಬುದೂ ಗೊತ್ತು. ಸ್ಟ್ರಿಬೆಕ್‌ನ ಇಳಿಜಾರು, ಹಿಡಿ-ಬಿಡು, ನಿಂತಾಗಿನ ಸ್ಪ್ರಿಂಗಿನಂಥ ಗುಣ, ಇವೆಲ್ಲ ಆರು ಅಂಕಿಗಳಿರುವ ಒಂದೇ ಮಾದರಿಯಿಂದ ಹೊರಬರುತ್ತವೆ. ಆಮೇಲೆ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಇನ್ನೂ ನಿಷ್ಠವಾದ ಮಾದರಿಗಳು ಬಂದಿವೆ. ಆದರೆ ಕಡಿಮೆ ಅಂಕಿಗಳಲ್ಲಿ ಇಷ್ಟು ಹೇಳುವ ಲುಗ್ರೆಯೇ ಕಲಿಯುವವರಿಗೆ ಒಳ್ಳೆಯ ಬಾಗಿಲು.

ಕರ್ನಾಟಕದಲ್ಲಿ ಈ ವಿದ್ಯೆಗೆ ಒರೆಗಲ್ಲು ಎಲ್ಲಿದೆ ಎಂದು ಕೇಳಿದರೆ, ಬೆಂಗಳೂರಿನ ಪಕ್ಕದ ಹೊಸಕೋಟೆಯನ್ನು ತೋರಿಸಬೇಕು. ಭಾರತೀಯ ಖಭೌತ ಸಂಸ್ಥೆಯ ಅಲ್ಲಿನ ಕ್ರೆಸ್ಟ್ ಕೇಂದ್ರದಲ್ಲಿ ಕುಳಿತವರು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅದರ ಕನ್ನಡಿಯ ಅಡ್ಡಳತೆ 2 ಮೀಟರ್. ಭೂಮಿ ತಿರುಗುವುದರಿಂದ ನಕ್ಷತ್ರಗಳು ಆಕಾಶದಲ್ಲಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಷ್ಟು ಸರಿಯುತ್ತವೆ. ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡು. ಟನ್ನುಗಟ್ಟಲೆ ಉಕ್ಕು ದಿನಕ್ಕೆ ಒಂದು ಸುತ್ತಿನ ಈ ಆಮೆನಡಿಗೆಯಲ್ಲಿ, ಅರೆಗಳಿಗೆಯೂ ಕುಲುಕದೆ, ರಾತ್ರಿಯೆಲ್ಲ ನಡೆಯಬೇಕು. ಕುಲುಕಿದರೆ ನಕ್ಷತ್ರದ ಚಿತ್ರ ಚುಕ್ಕಿಯಾಗದೆ ಗೆರೆಯಾಗುತ್ತದೆ. ಚಳಿಗಾಲದ ಹಾನ್ಲೆಯ ಚಳಿಯಲ್ಲಿ ಗ್ರೀಸು ಗಟ್ಟಿಯಾಗುವುದು ಬೇರೆ. ಸ್ಟ್ರಿಬೆಕ್ ತೋರಿಸಿದ ಆ ಕಷ್ಟದ ಎಡ ಇಳಿಜಾರಿನಲ್ಲೇ ದೂರದರ್ಶಕಗಳ ಬದುಕೆಲ್ಲ ಕಳೆಯುತ್ತದೆ.

ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾದ ಪಾಡೂ ಇದೇ ಬಗೆಯದು. ಬೀದರ್‌ಗೆ ಹತ್ತಿರದ ಮಹಾನಗರ ಹೈದರಾಬಾದಿನ ಇಸಿಐಎಲ್ ಕಂಪನಿ ಕಟ್ಟಿಕೊಟ್ಟ ಈ ಬಟ್ಟಲು 2008ರಲ್ಲಿ ಚಂದ್ರಯಾನ-1ಕ್ಕೆಂದು ಸಿದ್ಧವಾಯಿತು. ನೌಕೆಯತ್ತ ಅದು ಡಿಗ್ರಿಯ ನೂರನೇ ಪಾಲಿನ ಲೆಕ್ಕದಲ್ಲಿ ಮುಖ ಮಾಡಿರಬೇಕು. ಇಂಥ ದೊಡ್ಡ ಆಂಟೆನಾಗಳಲ್ಲಿ ಸಾಮಾನ್ಯವಾಗಿ ಒಂದೇ ಹಲ್ಲುಚಕ್ರಕ್ಕೆ ಜೋಡಿ ಮೋಟಾರು ಹಾಕಿ, ಒಂದನ್ನು ಇನ್ನೊಂದರ ವಿರುದ್ಧ ಚೂರು ಎಳೆಯುವಂತೆ ಬಿಡುತ್ತಾರೆ. ವಿದ್ಯುತ್ತು ದಂಡವಾದಂತೆ ಕಾಣುತ್ತದೆ. ಆದರೆ ಹಲ್ಲುಗಳ ನಡುವಿನ ಸಡಿಲ ಯಾವ ಕ್ಷಣದಲ್ಲೂ ತೆರೆದುಕೊಳ್ಳುವುದಿಲ್ಲ, ದಿಕ್ಕು ಬದಲಾದಾಗ ಬಟ್ಟಲು ಕುಲುಕುವುದಿಲ್ಲ.

ನೆಲ ಬಿಟ್ಟು ಮೇಲೆ ಹೋದರೂ ಘರ್ಷಣೆ ಬಿಡುವುದಿಲ್ಲ. ಉಪಗ್ರಹಗಳು ದಿಕ್ಕು ತಿರುಗಿಸಲು ತಮ್ಮೊಳಗೆ ಚಕ್ರ ತಿರುಗಿಸುತ್ತವೆ. ಆ ಚಕ್ರ ಸೊನ್ನೆ ವೇಗ ದಾಟಿ ಉಲ್ಟಾ ತಿರುಗುವಾಗ ಘರ್ಷಣೆಯ ತಿರುವು ಉಪಗ್ರಹವನ್ನೇ ಅಲುಗಿಸುತ್ತದೆ. ಅದಕ್ಕೇ ಅನೇಕ ಬಾರಿ ಸೊನ್ನೆಯನ್ನು ಮುಟ್ಟದಂತೆ ಚಕ್ರಗಳನ್ನು ಒಂದು ವೇಗದ ಮೇಲೆಯೇ ಇಟ್ಟಿರುತ್ತಾರೆ. ಬೇರೆ ಸೌರಮಂಡಲಗಳ ಗ್ರಹಗಳನ್ನು ಹುಡುಕುತ್ತಿದ್ದ ಕೆಪ್ಲರ್ ದೂರದರ್ಶಕಕ್ಕೆ ಇಂಥ ನಾಲ್ಕು ಚಕ್ರಗಳಿದ್ದವು. 2012ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೈಕೊಟ್ಟವು. ಅದರೊಂದಿಗೆ ಅದರ ಮೂಲ ಸಮೀಕ್ಷೆಯೂ ಮುಗಿಯಿತು.

ಘರ್ಷಣೆಯೇ ಇಲ್ಲದಂತೆ ಮಾಡುವ ದಾರಿಯೂ ಇದೆ. ಎಣ್ಣೆಯ ಬದಲು ಗಾಳಿಯ ಪದರದ ಮೇಲೆ ಮೇಜನ್ನು ತೇಲಿಸಬಹುದು. ಜಾರುವ ಭಾಗವೇ ಇಲ್ಲದೆ ಬಾಗುವ ಲೋಹದ ಪಟ್ಟಿಗಳ ಮೇಲೆ ನಿಲ್ಲಿಸಬಹುದು. ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲಿ 492 ಕನ್ನಡಿ ತುಣುಕುಗಳನ್ನು ಒಂದೇ ಕನ್ನಡಿಯಂತೆ ಹೊಂದಿಸಿಡಲು 1,476 ಚಾಲಕಗಳು ಬೇಕು. ಪ್ರತಿಯೊಂದೂ ನ್ಯಾನೊಮೀಟರಿನ, ಅಂದರೆ ಮೈಕ್ರಾನಿನ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಸರಿಯಬೇಕು. ಭಾರತದ ಪಾಲಿಗೆ ಬಂದ ಕೆಲಸಗಳಲ್ಲಿ ಈ ಚಾಲಕಗಳೂ ಒಂದು, ಅದರ ಹೊಣೆ ಬೆಂಗಳೂರಿನ ಖಭೌತ ಸಂಸ್ಥೆಯದು. ಅಷ್ಟು ಸಣ್ಣ ಚಲನೆಗೆ ಉಜ್ಜುವ ಭಾಗಗಳನ್ನು ನಂಬಲಾಗದೆ ಧ್ವನಿವರ್ಧಕದಲ್ಲಿರುವಂಥ ಕಾಂತೀಯ ಸುರುಳಿಯನ್ನು ಆರಿಸಿದ್ದಾರೆ. ಆದರೆ ಇದೆಲ್ಲ ದುಬಾರಿ, ಗಾಳಿ ಮೇಜಿಗೆ ಧೂಳಿಲ್ಲದ ಕೋಣೆ ಬೇಕು. ಎರೆಭೂಮಿಯ ಧೂಳು ಬಾಗಿಲಿಗೇ ಬರುವ ಬೀದರ್ ಜಿಲ್ಲೆಯ ಔರಾದ್‌ನಂಥ ಕಡೆ ಬಾಲ್‌ಸ್ಕ್ರೂ, ಗ್ರೀಸು, ಧೂಳು ತಡೆಯುವ ಮಡಿಕೆ ಹೊದಿಕೆ, ಇವುಗಳಲ್ಲೇ ಕೆಲಸ ಸಾಗಿಸಬೇಕು. ಅಲ್ಲಿಗೆ ಬೇಕಾದದ್ದು ಘರ್ಷಣೆಯನ್ನು ತಿಳಿದು ತುಂಬಿಕೊಡುವ ದಾರಿ.

ಆ ದಾರಿಯ ತಿರುಳು ಇಷ್ಟು: ಮೇಜು ದಿಕ್ಕು ಬದಲಿಸಲಿದೆ ಎಂಬುದು ಪ್ರೋಗ್ರಾಮಿಗೆ ಮೊದಲೇ ಗೊತ್ತು. ಘರ್ಷಣೆ ಎಷ್ಟು ಬರಲಿದೆ ಎಂಬುದನ್ನು ಮಾದರಿ ಹೇಳುತ್ತದೆ. ತಪ್ಪು ಆಗುವವರೆಗೆ ಕಾಯದೆ ಅಷ್ಟು ಬಲವನ್ನು ಆ ಕ್ಷಣಕ್ಕೇ ಸೇರಿಸಿಬಿಡುವುದು. ಇಂದಿನ ಸಿಎನ್‌ಸಿ ನಿಯಂತ್ರಕಗಳಲ್ಲಿ ಇದಕ್ಕೆಂದೇ ಸೆಟ್ಟಿಂಗ್ ಇರುತ್ತದೆ. ಬಾಲ್‌ಬಾರ್ ಚಿತ್ರದ ಮುಳ್ಳು ಅಡಗುವವರೆಗೆ ಅದನ್ನು ತಿದ್ದುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಕಡಿಮೆ ಕೊಟ್ಟರೆ ಉಬ್ಬು ಚೂರು ಉಳಿಯುತ್ತದೆ, ಅಷ್ಟೇ. ಹೆಚ್ಚು ಕೊಟ್ಟರೆ ಯಂತ್ರವನ್ನು ನಾವೇ ತಳ್ಳಿದಂತಾಗಿ ಅದು ನಡುಗತೊಡಗುತ್ತದೆ. ಆದ್ದರಿಂದ ಜಾಣರು ಮಾದರಿ ಹೇಳಿದ್ದಕ್ಕಿಂತ ತುಸು ಕಡಿಮೆಯೇ ಕೊಟ್ಟು, ಉಳಿದದ್ದನ್ನು ಪಿಐಡಿಗೆ ಬಿಡುತ್ತಾರೆ. ಮಾದರಿಯನ್ನು ಪೂರ್ತಿ ನಂಬಲಾಗದ ಕಡೆ ಇನ್ನೊಂದು ಉಪಾಯವಿದೆ. ಕೊಟ್ಟ ಬಲಕ್ಕೆ ಬರಬೇಕಿದ್ದ ಚಲನೆಗೂ ನಿಜವಾಗಿ ಬಂದ ಚಲನೆಗೂ ಇರುವ ವ್ಯತ್ಯಾಸದಿಂದ ಅಡ್ಡಿಯ ಅಳತೆ ಊಹಿಸಿ, ಅದನ್ನು ಕೂಡಲೇ ಕಳೆಯುವುದು. ಜಪಾನಿನ ಕೋಹೇ ಓನಿಶಿ 1980ರ ದಶಕದಲ್ಲಿ ಬೆಳೆಸಿದ ಈ ವಿಧಾನ ಇಂದು ರೋಬೊಟ್‌ಗಳಲ್ಲಿ ಸಾಮಾನ್ಯ.

ಘರ್ಷಣೆಯನ್ನು ಬೇಕೆಂದೇ ಹುಟ್ಟಿಸುವ ಕಡೆಯೂ ಉಂಟು. ಬೀದರ್‌ನ ವಾಯುನೆಲೆಯಲ್ಲಿ ಯುದ್ಧವಿಮಾನದ ಪೈಲಟ್‌ಗಳಾಗುವವರು ಹಾಕ್ ವಿಮಾನಗಳಲ್ಲಿ ತರಬೇತಿ ಪಡೆಯುತ್ತಾರೆ. ಇಂಥ ತರಬೇತಿಗೆ ಜೊತೆಯಾಗುವ ಸಿಮ್ಯುಲೇಟರುಗಳಲ್ಲಿ ನಿಯಂತ್ರಣದ ಕೋಲು ಕೈಗೆ ಕೊಡುವ ಬಿಗಿಯನ್ನು ಮೋಟಾರಿನಿಂದ ಸೃಷ್ಟಿಸಬೇಕಾಗುತ್ತದೆ. ಕಳೆಯಲು ಬಳಸುವ ಸಮೀಕರಣಗಳೇ ಅಲ್ಲಿ ಕೂಡಿಸಲು ಬಳಕೆಯಾಗುತ್ತವೆ.

ಬೀದರ್ ಜಿಲ್ಲೆಯಿಂದ ಹೈದರಾಬಾದಿಗೆ, ಪುಣೆಗೆ ಕಾರ್ಖಾನೆ ಕೆಲಸಕ್ಕೆ ಹೋಗುವ ಐಟಿಐ, ಡಿಪ್ಲೊಮಾ ಹುಡುಗರು ಬಹಳ. ರಾಜ್ಯದ 150 ಸರ್ಕಾರಿ ಐಟಿಐಗಳು 2022ರಲ್ಲಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿದ ಮೇಲೆ ಸಿಎನ್‌ಸಿ ಮುಟ್ಟಿ ಕಲಿಯುವ ಅವಕಾಶವೂ ಹೆಚ್ಚಿದೆ. ಆದರೆ ಪ್ರೋಗ್ರಾಂ ಬರೆಯುವುದಷ್ಟೇ ಕಲಿತರೆ ಸಾಲದು, ಯಂತ್ರ ಏಕೆ ಹಿಡಿಯುತ್ತದೆ ಎಂದು ಅಳೆಯುವುದನ್ನೂ ಕಲಿಯಬೇಕು. ಅದಕ್ಕೆ ದೊಡ್ಡ ದುಡ್ಡು ಬೇಕಿಲ್ಲ. 1980ರ ದಶಕದ ಆರಂಭದಿಂದ ಇರುವ ಬೀದರ್‌ನ ಗುರು ನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಂಥ ಕಡೆ ಒಂದು ಡಿಸಿ ಮೋಟಾರು, ಒಂದು ಎನ್‌ಕೋಡರ್, ಕರೆಂಟ್ ಅಳೆಯುವ ಒಂದು ಸಣ್ಣ ಬೋರ್ಡು ಸಾಕು. ಕರೆಂಟನ್ನು ಬಹಳ ನಿಧಾನವಾಗಿ ಏರಿಸುತ್ತಾ ಎಲ್ಲಿ ಹಿಡಿತ ಬಿಡುತ್ತದೆ ಎಂದು ಬರೆದುಕೊಳ್ಳುವುದು. ನಂತರ ಬೇರೆ ಬೇರೆ ವೇಗದಲ್ಲಿ ಸಮವಾಗಿ ತಿರುಗಿಸಿ, ಒಂದೊಂದು ವೇಗಕ್ಕೆ ಎಷ್ಟು ಕರೆಂಟ್ ಹೋಗುತ್ತದೆ ಎಂದು ಗ್ರಾಫ್ ಎಳೆಯುವುದು. ಎರಡೂ ದಿಕ್ಕಿಗೆ ಬೇರೆ ಬೇರೆ, ಏಕೆಂದರೆ ಅವು ಒಂದೇ ಆಗಿರುವುದು ಅಪರೂಪ. ಸ್ಟ್ರಿಬೆಕ್ ಕಂಡ ತಗ್ಗು ಆ ಕಾಗದದ ಮೇಲೂ ಮೂಡುತ್ತದೆ.

ಈ ಪ್ರಯೋಗಕ್ಕೆ ಬೀದರ್‌ನ ಹವೆಯೇ ಒಂದು ಅನುಕೂಲ. ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಈ ಊರಿನಲ್ಲಿ ಡಿಸೆಂಬರ್‌ನ ಬೆಳಗು ಕೆಲವು ವರ್ಷ ಹತ್ತು ಡಿಗ್ರಿಗೂ ಕೆಳಗಿಳಿಯುತ್ತದೆ, ಮೇ ತಿಂಗಳ ಮಧ್ಯಾಹ್ನ ನಲವತ್ತು ದಾಟುತ್ತದೆ. ಮೂವತ್ತು ಡಿಗ್ರಿಯ ಈ ಅಂತರದಲ್ಲಿ ಗ್ರೀಸಿನ ಗಟ್ಟಿತನ ಎಷ್ಟೋ ಪಟ್ಟು ಬದಲಾಗುತ್ತದೆ. ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಕಾರ್ಖಾನೆಗಳಲ್ಲಿ ಯಂತ್ರವನ್ನು ಖಾಲಿ ಓಡಿಸಿ ಬೆಚ್ಚಗೆ ಮಾಡುವುದಕ್ಕೆ ಇದೂ ಒಂದು ಕಾರಣ. ವರ್ಷವಿಡೀ ತಿಂಗಳಿಗೊಮ್ಮೆ ಅದೇ ಮೋಟಾರಿನ ಅದೇ ಗ್ರಾಫ್ ಎಳೆದು, ಪಕ್ಕದಲ್ಲಿ ಆ ಹೊತ್ತಿನ ತಾಪಮಾನ ಬರೆದಿಟ್ಟರೆ, ಲುಗ್ರೆಯ ಆರು ಅಂಕಿಗಳಲ್ಲಿ ಯಾವುದು ಋತುವಿಗೆ ತಕ್ಕಂತೆ ಓಡಾಡುತ್ತದೆ, ಯಾವುದು ನಿಂತಲ್ಲೇ ನಿಲ್ಲುತ್ತದೆ ಎಂಬುದು ವಿದ್ಯಾರ್ಥಿಗಳ ಕೈಗೇ ಸಿಗುತ್ತದೆ. ಹವಾನಿಯಂತ್ರಣವಿಲ್ಲದ ತಾಲ್ಲೂಕು ಊರಿನ ವರ್ಕ್‌ಶಾಪಿನಲ್ಲಿ ಯಂತ್ರ ಹೊಂದಿಸಿ ಕೊಡುವವರಿಗೆ ಬೇಕಾದ ಅಂಕಿಗಳು ಅವೇ.